ಎತ್ತಿಗೆ ಹಲ್ಲಿನ ಲೆಕ್ಕ, ಎಂಜಿನ್ನಿಗೆ ಗಾಳಿಯ ಲೆಕ್ಕ

ನಮ್ಮ ಬಾದನಹಟ್ಟಿಯಲ್ಲಿ ಯಾರ ಮನೆ ಮುಂದೆ ಹೊಸ ಬೈಕು ನಿಂತರೂ ಎರಡು ಪ್ರಶ್ನೆ ಏಳುತ್ತವೆ. ಹಿರಿಯರು ಕೇಳುವುದು, ‘ಎಷ್ಟು ಕೊಡ್ತೈತಪ್ಪಾ?’ ಅಂದರೆ ಲೀಟರಿಗೆ ಎಷ್ಟು ಕಿಲೊಮೀಟರ್ ಎಂದು. ನಮ್ಮ ವಾರಿಗೆಯ ಹುಡುಗರು ಕೇಳುವುದು, ‘ಎಷ್ಟು ಹೊಡಿತೈತಲೇ?’ ಅಂದರೆ ಮುಳ್ಳು ಎಲ್ಲಿಯವರೆಗೆ ಏರುತ್ತದೆ ಎಂದು. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ. ಮೊಬೈಲಿನಲ್ಲಿ ಯಾವುದೋ ದೇಶದ ಡ್ರ್ಯಾಗ್ ರೇಸ್ ವಿಡಿಯೊ ತೋರಿಸಿ, ‘ನಮ್ಮ ಗಾಡಿಗೂ ಸೂಪರ್‌ಚಾರ್ಜರ್ ಹಾಕಿಸಿದ್ರೆ ಹೆಂಗಣ್ಣಾ?’ ಎನ್ನುತ್ತಾರೆ.

ನಾನು ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ರಜೆಯಲ್ಲಿ ಊರ ಹತ್ತಿರದ ಗ್ಯಾರೇಜೊಂದರಲ್ಲಿ ಕೈ ಕಪ್ಪು ಮಾಡಿಕೊಳ್ಳುತ್ತೇನೆ. ಹಾಗಾಗಿ ಈ ಪ್ರಶ್ನೆ ನನ್ನ ಪಾಲಿಗೇ ಬರುತ್ತದೆ. ಉತ್ತರ ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಸೂಪರ್‌ಚಾರ್ಜರ್ ಎಷ್ಟು ಶಕ್ತಿ ಕೊಡಬಲ್ಲದು ಎನ್ನುವುದು ಅರ್ಧ ಉತ್ತರ. ಅದನ್ನು ಹಾಕಿದ ಮೇಲೆ ಗಾಡಿ ಯಾರ ಪಕ್ಕ ನಿಲ್ಲಬೇಕು ಎನ್ನುವುದು ಉಳಿದರ್ಧ. ಮೊದಲರ್ಧ ಎಲ್ಲರಿಗೂ ಬೇಕು. ಎರಡನೆಯದನ್ನು ಕೇಳುವವರು ಕಡಿಮೆ. ನನಗೆ ಅದೇ ಹೆಚ್ಚು ಮುಖ್ಯ ಎನಿಸಿದೆ. ಏಕೆ ಎಂದು ಹೇಳುತ್ತೇನೆ.

ಕುಲುಮೆಯ ತಿದಿ

ಕಮ್ಮಾರನ ಕುಲುಮೆ ನೋಡಿದವರಿಗೆ ಸೂಪರ್‌ಚಾರ್ಜರ್ ಅರ್ಧ ಅರ್ಥವಾದಂತೆಯೇ. ಇದ್ದಿಲು ಎಷ್ಟೇ ಸುರಿದರೂ ತಿದಿ ಒತ್ತದಿದ್ದರೆ ಕುಡ ಕೆಂಪಾಗುವುದಿಲ್ಲ. ಬೆಂಕಿಗೆ ಬೇಕಾದ್ದು ಗಾಳಿ. ಎಂಜಿನ್ ಒಳಗೂ ಅದೇ ಕಥೆ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಹೆಚ್ಚು ಸುರಿಯುವುದು ಸುಲಭ, ಗಾಳಿಯನ್ನು ಹೆಚ್ಚು ಒಳಗೆ ತರುವುದೇ ಕಷ್ಟ. ಸಾಮಾನ್ಯ ಎಂಜಿನ್ ತನ್ನ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಹೊರಗಿನ ವಾತಾವರಣದ ಒತ್ತಡ ಎಷ್ಟು ತುಂಬಿಸುತ್ತದೋ ಅಷ್ಟೇ ಅದರ ಪಾಲು.

ನಮ್ಮ ಹುಡುಗರ 150 ಸಿಸಿ ಬೈಕಿನ ಲೆಕ್ಕ ಹಾಕೋಣ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 8,000 ಸುತ್ತು ಎಂದರೆ 4,000 ಉಸಿರು. ಒಂದೊಂದು ಉಸಿರಿಗೂ ಹೆಚ್ಚೆಂದರೆ 150 ಮಿಲಿಲೀಟರ್. ಒಟ್ಟು ನಿಮಿಷಕ್ಕೆ 600 ಲೀಟರ್, ಸೆಕೆಂಡಿಗೆ 10 ಲೀಟರ್ ಗಾಳಿ. ಅದಕ್ಕಿಂತ ಹೆಚ್ಚು ಬೇಕೆಂದರೆ ಮೂರು ದಾರಿ. ಸಿಲಿಂಡರ್ ದೊಡ್ಡದು ಮಾಡಬೇಕು, ಇನ್ನೂ ಜೋರಾಗಿ ತಿರುಗಿಸಬೇಕು, ಇಲ್ಲವೇ ತಿದಿ ಹಚ್ಚಿ ಗಾಳಿಯನ್ನು ಒತ್ತಿ ತುಂಬಬೇಕು. ಆ ತಿದಿಯೇ ಸೂಪರ್‌ಚಾರ್ಜರ್.

ಇದು ಬರೀ ಹೋಲಿಕೆಯಲ್ಲ, ಇತಿಹಾಸವೂ ಹೌದು. ಅಮೆರಿಕದ ಡ್ರ್ಯಾಗ್ ರೇಸಿನಲ್ಲಿ ಬಾನೆಟ್ ಸೀಳಿಕೊಂಡು ಮೇಲೆ ಎದ್ದು ಕಾಣುವ ದೊಡ್ಡ ಡಬ್ಬಿಗೆ ರೂಟ್ಸ್ ಬ್ಲೋವರ್ ಎಂದು ಹೆಸರು. ಇಂಡಿಯಾನಾ ರಾಜ್ಯದ ರೂಟ್ಸ್ ಸಹೋದರರು 1860ರಲ್ಲಿ ಅದಕ್ಕೆ ಪೇಟೆಂಟ್ ಪಡೆದಾಗ ಕಾರು ಇನ್ನೂ ಹುಟ್ಟಿರಲಿಲ್ಲ. ಆ ಬ್ಲೋವರುಗಳು ಮೊದಲು ಗಾಳಿ ಊದಿದ್ದು ಕಬ್ಬಿಣ ಕರಗಿಸುವ ಕುಲುಮೆಗಳಿಗೆ, ಗಣಿಗಳಿಗೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆ ನೋಡಿ ಬೆಳೆದ ನಮ್ಮ ಜಿಲ್ಲೆಯವರಿಗೆ ಇದು ದೂರದ ಸಂಗತಿ ಏನಲ್ಲ.

ಸಿರುಗುಪ್ಪ ರಸ್ತೆಯಲ್ಲಿ ಓಡಾಡುವ ಲಾರಿಗಳ ಮೈಮೇಲೆ ‘ಟರ್ಬೊ’ ಎಂದು ಬರೆದಿರುವುದನ್ನು ಕಂಡಿರುತ್ತೀರಿ. ಟರ್ಬೊ ಕೂಡ ತಿದಿಯೇ. ಆದರೆ ಅದನ್ನು ತಿರುಗಿಸುವುದು ಸೈಲೆನ್ಸರಿನ ಕಡೆಗೆ ಹೋಗುವ ಹೊಗೆ. ಸೂಪರ್‌ಚಾರ್ಜರನ್ನು ತಿರುಗಿಸುವುದು ಎಂಜಿನ್ನಿನ ಕ್ರ್ಯಾಂಕ್, ಬೆಲ್ಟ್ ಅಥವಾ ಗೇರಿನ ಮೂಲಕ. ಹೊಗೆಯ ಒತ್ತಡ ಕೂಡುವವರೆಗೆ ಟರ್ಬೊ ಸ್ವಲ್ಪ ಕಾಯಬೇಕು. ಸೂಪರ್‌ಚಾರ್ಜರ್ ಎಕ್ಸಲರೇಟರ್ ತಿರುವಿದ ಕೂಡಲೇ ಎದ್ದೇಳುತ್ತದೆ. ಕೆಲವೇ ಸೆಕೆಂಡಿನಲ್ಲಿ ಮುಗಿದುಹೋಗುವ ಡ್ರ್ಯಾಗ್ ರೇಸಿಗೆ ಅದು ಅಷ್ಟು ಹತ್ತಿರವಾಗಲು ಇದೇ ಕಾರಣ. ಹಾಗಂತ ಪುಕ್ಕಟೆ ಏನಲ್ಲ. ತಿದಿ ಒತ್ತುವವನಿಗೂ ಕೂಲಿ ಕೊಡಬೇಕಲ್ಲ, ಹಾಗೆ ಎಂಜಿನ್ ತಾನು ಹುಟ್ಟಿಸಿದ ಶಕ್ತಿಯಲ್ಲೇ ಒಂದು ಪಾಲನ್ನು ಬ್ಲೋವರ್ ತಿರುಗಿಸಲು ತೆರಬೇಕು.

ನಮ್ಮ ನೆಲ, ನಮ್ಮ ಬಿಸಿಲು

ಗಾಳಿಯ ಲೆಕ್ಕದಲ್ಲಿ ಊರೂ ಸೇರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಸುಮಾರು ಶೇ 10ರಷ್ಟು ಕಡಿಮೆ. ಬಳ್ಳಾರಿ ಸುಮಾರು 490 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಶೇ 5ರಿಂದ 6ರಷ್ಟು ಕಡಿಮೆ. ಅದರ ಮೇಲೆ ನಮ್ಮ ಏಪ್ರಿಲ್ ಬಿಸಿಲು. 15 ಡಿಗ್ರಿಯ ಗಾಳಿಗೆ ಹೋಲಿಸಿದರೆ 40 ಡಿಗ್ರಿಯ ಗಾಳಿ ಶೇ 8ರಷ್ಟು ತೆಳು. ಮಧ್ಯಾಹ್ನ ಗಾಡಿ ಏಳುವುದಿಲ್ಲ, ಬೆಳಗಿನ ಜಾವ ಚೆನ್ನಾಗಿ ಓಡುತ್ತದೆ ಎಂದು ಹುಡುಗರು ಹೇಳುವುದು ಭ್ರಮೆಯಲ್ಲ.

ಈಗ ಸೂಪರ್‌ಚಾರ್ಜರ್ ಹಚ್ಚಿ ಒತ್ತಡವನ್ನು ಎರಡು ಪಟ್ಟು ಮಾಡಿದೆವು ಎಂದುಕೊಳ್ಳಿ. ಶಕ್ತಿ ಎರಡು ಪಟ್ಟಾಗುತ್ತದೆಯೇ? ಇಲ್ಲ. ಸೈಕಲ್ ಪಂಪು ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ಇಲ್ಲಿಯೂ ಆಗುತ್ತದೆ. 40 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಿದರೆ, ಎಲ್ಲಿಯೂ ನಷ್ಟವೇ ಇಲ್ಲ ಎಂದುಕೊಂಡರೂ, ಅದು 108 ಡಿಗ್ರಿ ಆಸುಪಾಸಿಗೆ ಏರುತ್ತದೆ. ನಿಜವಾದ ಯಂತ್ರದಲ್ಲಿ ಇನ್ನೂ ಹೆಚ್ಚು. ಬಿಸಿಯಾದ ಗಾಳಿ ಹಿಗ್ಗುತ್ತದೆ. ಹಾಗಾಗಿ ಒಳಗೆ ಹೋಗುವುದು ಎರಡು ಪಟ್ಟು ಗಾಳಿಯಲ್ಲ, ಹೆಚ್ಚೆಂದರೆ 1.64 ಪಟ್ಟು. ತಣಿಸುವ ಇಂಟರ್‌ಕೂಲರ್ ಇಟ್ಟರೆ ಒಂದಿಷ್ಟು ಮರಳಿ ಸಿಗುತ್ತದೆ.

ಬಿಸಿಯದು ಇನ್ನೊಂದು ಕಾಟ. ಕಿಡಿ ಹಾರುವ ಮೊದಲೇ, ಅಥವಾ ಹಾರಿದ ಮೇಲೆ ಅಡ್ಡಾದಿಡ್ಡಿಯಾಗಿ, ಪೆಟ್ರೋಲ್ ಮಿಶ್ರಣ ತಾನಾಗಿ ಸಿಡಿಯುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ನಾಕಿಂಗ್ ಎನ್ನುತ್ತೇವೆ. ಕಬ್ಬಿಣದ ಡಬ್ಬಿಯೊಳಗೆ ಬೆಣಚುಕಲ್ಲು ಅಲುಗಾಡಿಸಿದ ಸದ್ದು. ಸ್ವಲ್ಪ ಹೊತ್ತು ಹೀಗೆ ಓಡಿದರೆ ಪಿಸ್ಟನ್ ತಲೆ ಕರಗಿ ತೂತಾಗುತ್ತದೆ. ನಮ್ಮ ಮೇಸ್ತ್ರಿ ಹೇಳುವ ಮಾತು ಸರಿಯಿದೆ: ‘ಗಾಳಿ ಹಾಕೋದು ದೊಡ್ಡ ಮಾತಲ್ಲಪ್ಪಾ, ಅದನ್ನ ತಡಕಣಾದು ದೊಡ್ಡ ಮಾತು.’

ಕಾರ್ಖಾನೆಯಿಂದಲೇ ಬಂದ ತಿದಿ

ತಡೆದುಕೊಳ್ಳುವುದನ್ನು ಚೆನ್ನಾಗಿ ತೋರಿಸಿದ ಗಾಡಿ ಕವಾಸಾಕಿಯ ನಿಂಜಾ ಎಚ್2. 2015ರ ಮಾದರಿಯಾಗಿ ಬಂದ ಇದು ನಮ್ಮ ದೇಶದಲ್ಲೂ ಮಾರಾಟವಾಗಿದೆ. ಎಂಜಿನ್ 998 ಸಿಸಿ. ಅದರ ಸೂಪರ್‌ಚಾರ್ಜರಿನ ಗಾಳಿ ತಳ್ಳುವ ಚಕ್ರದ ಅಗಲ 69 ಮಿಲಿಮೀಟರ್, ಅಂಗೈಯಲ್ಲಿ ಹಿಡಿಸುವಷ್ಟು. ಗೇರುಗಳ ಜೋಡಣೆಯಿಂದ ಅದು ಕ್ರ್ಯಾಂಕಿಗಿಂತ 9.2 ಪಟ್ಟು ಜೋರಾಗಿ ತಿರುಗುತ್ತದೆ. ಎಂಜಿನ್ 14,000 ಸುತ್ತು ತಿರುಗಿದಾಗ ಇದು ನಿಮಿಷಕ್ಕೆ ಹತ್ತಿರ ಹತ್ತಿರ 1,30,000 ಸುತ್ತು. ಒತ್ತಡ ವಾತಾವರಣದ 2.4 ಪಟ್ಟಿನವರೆಗೆ ಏರುತ್ತದೆ. ಸೆಕೆಂಡಿಗೆ 200 ಲೀಟರಿಗೂ ಹೆಚ್ಚು ಗಾಳಿ ತಳ್ಳಬಲ್ಲದು ಎಂದು ಕಂಪನಿ ಹೇಳುತ್ತದೆ. ನಮ್ಮ 150 ಸಿಸಿಯ 10 ಲೀಟರ್ ನೆನಪಿರಲಿ.

ಕುತೂಹಲದ ಸಂಗತಿ ಮುಂದಿದೆ. ರಸ್ತೆಗೆ ಬಿಟ್ಟ ಎಚ್2 ಶಕ್ತಿ ಮೊದಲು ಸುಮಾರು 200 ಪಿಎಸ್. ರೇಸ್ ಟ್ರ್ಯಾಕಿಗೆ ಮಾತ್ರ ಎಂದು ಮಾಡಿದ ಎಚ್2ಆರ್ ಶಕ್ತಿ 310 ಪಿಎಸ್. ಅದೇ 998 ಸಿಸಿ, ಅದೇ ಜಾತಿಯ ತಿದಿ, ಆದರೆ 110 ಪಿಎಸ್ ವ್ಯತ್ಯಾಸ. ಇನ್ನೊಂದು ಕಡೆ ಅದೇ ಕಂಪನಿಯ ಜಡ್‌ಎಕ್ಸ್-10ಆರ್ ಕೂಡ 998 ಸಿಸಿ. ಸೂಪರ್‌ಚಾರ್ಜರ್ ಇಲ್ಲದೆಯೇ ಅದು 200 ಪಿಎಸ್ ಮುಟ್ಟಿದೆ. ಅದರ ಕಂಪ್ರೆಷನ್ ಅನುಪಾತ 13ಕ್ಕೆ 1. ಎಚ್2ನದು 8.5ಕ್ಕೆ 1. ತಿದಿಯ ಗಾಳಿಗೆ ಜಾಗ ಬಿಡಲು, ನಾಕಿಂಗ್ ತಪ್ಪಿಸಲು ಬೇಕೆಂದೇ ತಗ್ಗಿಸಿದ್ದು.

ಇದರಿಂದ ತಿಳಿಯುವುದು ಇಷ್ಟು. ಸಿಸಿ ನೋಡಿ ಶಕ್ತಿ ಹೇಳಲಾಗದು. ಸೂಪರ್‌ಚಾರ್ಜರ್ ಇದೆಯೋ ಇಲ್ಲವೋ ನೋಡಿಯೂ ಹೇಳಲಾಗದು. ಅದನ್ನು ಎಷ್ಟು ಬಿಗಿದಿದ್ದಾರೆ ಎಂದು ನೋಡಬೇಕು. ಬ್ಲೋವರಿನ ಪುಲ್ಲಿಯನ್ನು ಸ್ವಲ್ಪ ಚಿಕ್ಕದು ಮಾಡಿದರೆ ಸಾಕು, ಬ್ಲೋವರ್ ಜೋರಾಗಿ ತಿರುಗಿ ಗಾಳಿ ಹೆಚ್ಚುತ್ತದೆ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಗಾಡಿ. ಹಾಗಾದರೆ ಇಂಥ ಗಾಡಿಗಳನ್ನು ಪಕ್ಕಪಕ್ಕ ನಿಲ್ಲಿಸಿ ‘ಯಾರು ಗೆದ್ದರು’ ಎಂದು ಕೇಳುವುದು ಹೇಗೆ?

ಎತ್ತಿನ ಬಾಯಿ ನೋಡುವ ಕಮಿಟಿ

ಈ ಪ್ರಶ್ನೆಗೆ ನಮ್ಮ ಕಡೆಯ ಜಾತ್ರೆಗಳಲ್ಲಿ ಎಂದೋ ಉತ್ತರ ಸಿಕ್ಕಿದೆ. ಕಲ್ಲು ಎಳೆಯುವ ಸ್ಪರ್ಧೆಯಲ್ಲಿ ಎತ್ತುಗಳನ್ನು ಹಲ್ಲಿನ ಮೇಲೆ ವಿಂಗಡಿಸುತ್ತಾರೆ. ಹಾಲುಹಲ್ಲಿನವು ಬೇರೆ, ಎರಡು ಹಲ್ಲಿನವು ಬೇರೆ, ನಾಲ್ಕು, ಆರು ಹಲ್ಲಿನವು ಬೇರೆ, ಬಾಯಿಗೂಡಿದ ಎತ್ತುಗಳು ಬೇರೆ. ಒಬ್ಬೊಬ್ಬರಿಗೂ ತಕ್ಕ ತೂಕದ ಕಲ್ಲು. ನಿಗದಿತ ಸಮಯದಲ್ಲಿ ಯಾವ ಜೋಡಿ ಹೆಚ್ಚು ದೂರ ಎಳೆಯಿತೋ ಅದಕ್ಕೆ ಬಹುಮಾನ. ಸ್ಪರ್ಧೆಗೆ ಮೊದಲು ಕಮಿಟಿಯವರು ಎತ್ತಿನ ಬಾಯಿ ಬಿಡಿಸಿ ನೋಡುತ್ತಾರೆ. ಯಜಮಾನ ಎಷ್ಟೇ ದೊಡ್ಡ ಮನುಷ್ಯನಾದರೂ ಅವನ ಮಾತು ಅಲ್ಲಿ ನಡೆಯದು. ಹಲ್ಲು ಹೇಳಿದ್ದೇ ಲೆಕ್ಕ.

ಡ್ರ್ಯಾಗ್ ರೇಸಿನ ಸ್ಟಾಕ್ ಕ್ಲಾಸ್ ಎನ್ನುವುದೂ ಹೀಗೆ ಹುಟ್ಟಿದ್ದು. ನೆಟ್ಟಗಿನ ದಾರಿಯಲ್ಲಿ ಎರಡು ಗಾಡಿ, ಕಾಲು ಮೈಲಿ ಅಂದರೆ 402 ಮೀಟರ್, ಹಸಿರು ದೀಪ ಬಿದ್ದ ಕೂಡಲೇ ಓಟ. ಅಮೆರಿಕದ ಬೀದಿಗಳಲ್ಲಿ ಹುಡುಗರು ಕದ್ದುಮುಚ್ಚಿ ನಡೆಸುತ್ತಿದ್ದ ಈ ಓಟಕ್ಕೆ ಒಂದು ಶಿಸ್ತು ತರಲು ವಾಲಿ ಪಾರ್ಕ್ಸ್ ಎಂಬುವರು 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಅಲ್ಲಿ ಸ್ಟಾಕ್ ಎಂದರೆ ಕಾರ್ಖಾನೆಯಿಂದ ಹೇಗೆ ಬಂತೋ ಬಹುಪಾಲು ಹಾಗೇ ಇರುವ ಗಾಡಿ. ಅದನ್ನು ಯಾವ ಗುಂಪಿಗೆ ಹಾಕಬೇಕು ಎನ್ನುವುದಕ್ಕೆ ಸೂತ್ರ ಸರಳ. ಗಾಡಿಯ ತೂಕವನ್ನು ಅದರ ಅಶ್ವಶಕ್ತಿಯಿಂದ ಭಾಗಿಸಬೇಕು. 1,500 ಕಿಲೊ ತೂಕದ, 400 ಅಶ್ವಶಕ್ತಿಯ ಕಾರು ಎಂದರೆ ಒಂದು ಕುದುರೆಯ ಪಾಲಿಗೆ 3.75 ಕಿಲೊ. ಇದೇ ಅದರ ಹಲ್ಲು.

ಆದರೆ ಆ ಅಶ್ವಶಕ್ತಿಯನ್ನು ಹೇಳುವವರು ಯಾರು? ಕಂಪನಿಯೇ ಹೇಳಿದರೆ ಎತ್ತಿನ ಯಜಮಾನನೇ ಹಲ್ಲು ಎಣಿಸಿದಂತೆ. 1968ರಲ್ಲಿ ಫೋರ್ಡ್ ಕಂಪನಿ ತನ್ನ ಕೋಬ್ರಾ ಜೆಟ್ ಮಸ್ಟಾಂಗ್‌ನ ಶಕ್ತಿ 335 ಎಂದು ಕಾಗದದ ಮೇಲೆ ಬರೆಯಿತು. ಅದು ನಿಜಕ್ಕೂ 400ರ ಮೇಲಿದೆ ಎಂದು ರೇಸಿನವರೆಲ್ಲ ನಂಬಿದ್ದರು. ಕಡಿಮೆ ಬರೆದಷ್ಟೂ ಹಗುರವಾದ ಗುಂಪು ಸಿಗುತ್ತದೆ, ಗೆಲುವು ಹತ್ತಿರವಾಗುತ್ತದೆ. ಹಾಗಾಗಿ ಸಂಸ್ಥೆ ಕಂಪನಿಯ ಅಂಕಿಯನ್ನು ಬದಿಗಿಟ್ಟು ತನ್ನದೇ ಅಂಕಿ ನಿಗದಿ ಮಾಡುವ ಪದ್ಧತಿ ತಂದಿತು. ಒಂದು ಮಾದರಿಯ ಕಾರು ತನ್ನ ಗುಂಪಿಗೆ ಹಾಕಿದ ಸಮಯಕ್ಕಿಂತ ತೀರಾ ವೇಗವಾಗಿ ಓಡುತ್ತಾ ಹೋದರೆ ಅದರ ಲೆಕ್ಕದ ಅಶ್ವಶಕ್ತಿಯನ್ನು ಏರಿಸಲಾಗುತ್ತದೆ. 400 ಇದ್ದದ್ದು 425 ಆದರೆ 3.75 ಕಿಲೊ ಹೋಗಿ 3.53 ಆಗುತ್ತದೆ. ಆಗ ಹಳೆಯ ಗುಂಪಿನಲ್ಲೇ ಉಳಿಯಬೇಕಾದರೆ ಗಾಡಿಗೆ ತೂಕ ಹೇರಬೇಕು, ಇಲ್ಲವೇ ಬಲವಾದ ಗುಂಪಿಗೆ ಏರಬೇಕು.

ಈ ಪದ್ಧತಿಗೆ ದೊಡ್ಡ ಪರೀಕ್ಷೆ ಬಂದದ್ದು ಕಾರ್ಖಾನೆಗಳೇ ಸೂಪರ್‌ಚಾರ್ಜರ್ ಹಾಕಿದ ರೇಸ್ ಕಾರುಗಳನ್ನು ಮಾರತೊಡಗಿದಾಗ. 2008ರ ಮಾದರಿಯಾಗಿ ಫೋರ್ಡ್ 50 ಕೋಬ್ರಾ ಜೆಟ್ ಕಾರುಗಳನ್ನು ಮಾಡಿತು. 5.4 ಲೀಟರ್ ಎಂಜಿನ್, ಮೇಲೆ ಸೂಪರ್‌ಚಾರ್ಜರ್, ಕಾಗದದ ಮೇಲೆ 425 ಅಶ್ವಶಕ್ತಿ. 2012ರಲ್ಲಿ ಷೆವರ್ಲೆ 69 ಕೋಪೊ ಕಮಾರೊ ಕಾರುಗಳನ್ನು ಮಾಡಿತು. ಅದರಲ್ಲಿ ಸೂಪರ್‌ಚಾರ್ಜರ್ ಇಲ್ಲದ ದೊಡ್ಡ ಎಂಜಿನ್ನೂ ಇತ್ತು, 2.9 ಲೀಟರ್ ಮತ್ತು 4 ಲೀಟರ್ ಬ್ಲೋವರ್ ಹಾಕಿದ ಚಿಕ್ಕ ಎಂಜಿನ್ನೂ ಇತ್ತು. ಕಾರ್ಖಾನೆಯೇ ಕೊಟ್ಟ ಮೇಲೆ ಅದು ಸ್ಟಾಕ್ ಅಲ್ಲ ಎನ್ನುವುದು ಹೇಗೆ? ಸ್ಟಾಕ್ ಎಂದು ಒಪ್ಪಿದರೆ 40 ವರ್ಷ ಹಳೆಯ ಕಾರನ್ನು ಮನೆಯ ಗ್ಯಾರೇಜಿನಲ್ಲಿ ತಿದ್ದಿ ತೀಡಿ ತರುವವನ ಗತಿ ಏನು?

ಉತ್ತರ ಎರಡು ರೀತಿಯಲ್ಲಿ ಬಂತು. ದಾಖಲೆಯಲ್ಲಿರುವ ಮಾದರಿಯ, ಗಾತ್ರದ ಬ್ಲೋವರೇ ಇರಬೇಕು ಎಂಬ ಷರತ್ತಿನ ಮೇಲೆ ಸ್ಟಾಕ್ ಒಳಗೆ ಬಿಟ್ಟುಕೊಂಡು, ಓಡಿದ ಸಮಯ ನೋಡಿ ಅಶ್ವಶಕ್ತಿಯ ಅಂಕಿ ತಿದ್ದುವುದು ಒಂದು. ಇಂಥ ಹೊಸ ಕಾರುಗಳೇ ತಮ್ಮತಮ್ಮಲ್ಲಿ ಓಡಲಿ ಎಂದು ಫ್ಯಾಕ್ಟರಿ ಸ್ಟಾಕ್ ಶೋಡೌನ್ ಎಂಬ ಬೇರೆಯೇ ಕಣ ಮಾಡಿದ್ದು ಇನ್ನೊಂದು. ಅಲ್ಲಿ ಹಿಂದಿನ ಟೈರಿನ ಅಗಲ 9 ಇಂಚಿಗೆ ಮಿತಿ. ಎಷ್ಟೇ ಶಕ್ತಿ ಇರಲಿ, ನೆಲಕ್ಕೆ ಇಳಿಸುವುದು ಅಷ್ಟೇ ಅಗಲದ ರಬ್ಬರಿನ ಮೂಲಕ. ಶಕ್ತಿಯನ್ನು ತಡೆಯುವ ಜಾಣ ಉಪಾಯ ಇದು ಎಂದು ನನಗನ್ನಿಸುತ್ತದೆ.

ಸ್ಟಾಕ್ ರೇಸಿನಲ್ಲಿ ನನಗೆ ಬಹಳ ಹಿಡಿಸಿದ ನಿಯಮ ಇನ್ನೊಂದಿದೆ. ಬೇರೆಬೇರೆ ಗುಂಪಿನ ಎರಡು ಗಾಡಿ ಎದುರಾದಾಗ ಪ್ರತಿ ಚಾಲಕ ತನ್ನ ಗಾಡಿ ಎಷ್ಟು ಸಮಯದಲ್ಲಿ ದಾರಿ ಮುಗಿಸುತ್ತದೆ ಎಂದು ಮೊದಲೇ ಗಾಜಿನ ಮೇಲೆ ಬರೆಯುತ್ತಾನೆ. ನಿಧಾನದ ಗಾಡಿಗೆ ಅಷ್ಟು ಮುಂಚೆ ಹಸಿರು ದೀಪ. ಬರೆದಿದ್ದಕ್ಕಿಂತ ವೇಗವಾಗಿ ಓಡಿದರೆ ಸಾಮಾನ್ಯವಾಗಿ ಸೋತಂತೆ! ಅಂದರೆ ಶಕ್ತಿ ಮುಚ್ಚಿಟ್ಟುಕೊಂಡು ಬಂದವನಿಗೆ ಅದೇ ಉರುಳು. ತನ್ನ ಗಾಡಿಯನ್ನು ಚೆನ್ನಾಗಿ ಬಲ್ಲವನಿಗೆ, ಅದರ ಬಗ್ಗೆ ನಿಜ ಹೇಳುವವನಿಗೆ ಗೆಲುವು.

ಎಷ್ಟಕ್ಕೆ ಎಷ್ಟು?

ತಿದಿ ಇದ್ದ ಎಂಜಿನ್ನಿಗೂ ಇಲ್ಲದ ಎಂಜಿನ್ನಿಗೂ ಸರಿಯಾದ ತಕ್ಕಡಿ ಯಾವುದು ಎಂದು ಜಗತ್ತು ನೂರು ವರ್ಷದಿಂದ ತೂಗಿ ನೋಡುತ್ತಿದೆ. 1938ರ ಗ್ರ್ಯಾನ್ ಪ್ರಿ ಕಾರು ರೇಸುಗಳಲ್ಲಿ ಸೂಪರ್‌ಚಾರ್ಜರ್ ಇದ್ದರೆ 3 ಲೀಟರ್, ಇಲ್ಲದಿದ್ದರೆ 4.5 ಲೀಟರ್ ಎಂಬ ಮಿತಿ ಇತ್ತು. 1950ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ಶುರುವಾದಾಗ ಅದು 1.5 ಲೀಟರಿಗೆ 4.5 ಲೀಟರ್ ಆಗಿತ್ತು. ಒಂದಕ್ಕೆ ಮೂರು! ಆದರೂ ಸೂಪರ್‌ಚಾರ್ಜರಿನ ಆಲ್ಫಾ ರೋಮಿಯೊಗಳೇ ಗೆಲ್ಲುತ್ತಿದ್ದವು. 1951ರ ಜುಲೈ 14ರಂದು ಸಿಲ್ವರ್‌ಸ್ಟೋನ್‌ನಲ್ಲಿ ಅರ್ಜೆಂಟೀನಾದ ಗೊನ್ಜಾಲೆಜ್ ಸೂಪರ್‌ಚಾರ್ಜರ್ ಇಲ್ಲದ 4.5 ಲೀಟರ್ ಫೆರಾರಿಯಲ್ಲಿ ಅವುಗಳನ್ನು ಸೋಲಿಸಿದರು. ಆಲ್ಫಾ ವಿಪರೀತ ಇಂಧನ ಕುಡಿಯುತ್ತಿತ್ತು, ಅದು ಮುಳುವಾಯಿತು. ‘ಎಷ್ಟು ಕೊಡ್ತೈತಿ’ ಎಂದು ಕೇಳುವ ನಮ್ಮ ಹಿರಿಯರ ಪ್ರಶ್ನೆ ರೇಸಿನಲ್ಲೂ ಸುಳ್ಳಲ್ಲ.

1966ರಿಂದ ಅನುಪಾತ ಒಂದಕ್ಕೆ ಎರಡಾಯಿತು. ಮೋಟರ್‌ಸೈಕಲ್ ರೇಸುಗಳ ಅಂತರರಾಷ್ಟ್ರೀಯ ಸಂಸ್ಥೆ 1946ರಲ್ಲಿ ಸೂಪರ್‌ಚಾರ್ಜರನ್ನೇ ನಿಷೇಧಿಸಿಬಿಟ್ಟಿತು. 1939ರಲ್ಲಿ ಬಿಎಂಡಬ್ಲ್ಯುವಿನ ಸೂಪರ್‌ಚಾರ್ಜರ್ ಬೈಕಿನ ಮೇಲೆ ಜಾರ್ಜ್ ಮೈಯರ್ ಐಲ್ ಆಫ್ ಮ್ಯಾನ್‌ನ ಟಿಟಿ ಗೆದ್ದದ್ದು ಆ ಕಾಲದ ಕೊನೆಯ ದೊಡ್ಡ ಗೆಲುವುಗಳಲ್ಲಿ ಒಂದು. ಕಾರುಗಳ ಇತರ ರೇಸುಗಳಲ್ಲಿ ಒತ್ತಿದ ಗಾಳಿಯ ಎಂಜಿನ್ನಿನ ಸಿಸಿಯನ್ನು ಮೊದಲು 1.4ರಿಂದ ಗುಣಿಸುತ್ತಿದ್ದರು, ಆಮೇಲೆ 1.7ರಿಂದ. ಎರಡು ಪಟ್ಟು ಒತ್ತಿದರೆ 1.64 ಪಟ್ಟು ಗಾಳಿ ಎಂದು ಮೇಲೆ ಲೆಕ್ಕ ಹಾಕಿದೆವಲ್ಲ, ಅದರ ಪಕ್ಕದಲ್ಲೇ ಬಂದು ನಿಲ್ಲುತ್ತದೆ ಈ 1.7.

ನಿಯಮ ಇರುವುದು ಸಮಾನತೆಗೆ ಮಾತ್ರವೂ ಅಲ್ಲ. ಅಮೆರಿಕದ ಅತಿ ಬಲಿಷ್ಠ ಡ್ರ್ಯಾಗ್ ಕಾರುಗಳಾದ ಟಾಪ್ ಫ್ಯೂಯೆಲ್ ಮತ್ತು ಫನ್ನಿ ಕಾರುಗಳು ನೈಟ್ರೊಮೀಥೇನ್ ಕುಡಿದು, ದೊಡ್ಡ ಬ್ಲೋವರಿನ ಬಲದಿಂದ 10,000ಕ್ಕೂ ಹೆಚ್ಚು ಅಶ್ವಶಕ್ತಿ ಹುಟ್ಟಿಸುತ್ತವೆ. ಬ್ಲೋವರ್ ಸಿಡಿದರೆ ಚೂರುಗಳು ಹಾರದಂತೆ ಅದಕ್ಕೆ ಗಟ್ಟಿ ಹೊದಿಕೆ ಬಿಗಿಯಲೇಬೇಕು. 2008ರ ಜೂನ್‌ನಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಅನುಭವಿ ಚಾಲಕ ಓಟದಲ್ಲೇ ಜೀವ ಬಿಟ್ಟರು. ಅದೇ ವರ್ಷ ಈ ಕಾರುಗಳ ಓಟದ ದಾರಿಯನ್ನು 402 ಮೀಟರಿನಿಂದ 305 ಮೀಟರಿಗೆ ಇಳಿಸಿದರು. ದಾಖಲೆಗಳು ಹೋದರೆ ಹೋಗಲಿ, ನಿಲ್ಲಲು ಜಾಗ ಇರಲಿ ಎಂದು.

ಚೆನ್ನೈವರೆಗೆ ಹೋಗಬೇಕು

ನಮ್ಮ ದೇಶದಲ್ಲೂ ಡ್ರ್ಯಾಗ್ ರೇಸಿಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇದೆ. ಫೆಡರೇಷನ್ ಆಫ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ ಅದಕ್ಕೆ ಮಾನ್ಯತೆ ಕೊಡುತ್ತದೆ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಅದನ್ನು ನಡೆಸಿಕೊಂಡು ಬಂದಿದೆ. ಈ ಓಟದಲ್ಲಿ ದೇಶಕ್ಕೆ ಗೊತ್ತಿರುವ ದೊಡ್ಡ ಹೆಸರು ಕನ್ನಡನಾಡಿನದೇ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಹಲವು ಸಲ ರಾಷ್ಟ್ರೀಯ ಚಾಂಪಿಯನ್. 851ರಿಂದ 1,050 ಸಿಸಿ ವಿಭಾಗದಲ್ಲೂ ಅದಕ್ಕೂ ಮೇಲಿನ ಅನಿರ್ಬಂಧಿತ ವಿಭಾಗದಲ್ಲೂ ಗೆದ್ದವರು.

ಇಲ್ಲಿ ವಿಭಾಗಗಳು ಮುಖ್ಯವಾಗಿ ಸಿಸಿಯ ಮೇಲೆ ನಿಂತಿವೆ. ನಮ್ಮ ಹುಡುಗರು ಓಡಿಸುವಂಥ ಚಿಕ್ಕ ಬೈಕುಗಳಿಗೂ ಜಾಗವಿದೆ. ಈಗ ನಮ್ಮ 150 ಸಿಸಿಗೆ ತಿದಿ ಹಚ್ಚಿದೆವು ಎಂದುಕೊಳ್ಳಿ. ಸ್ಟಾಕ್ ಎಂದರೆ ಕಾರ್ಖಾನೆಯಿಂದ ಬಂದ ಹಾಗೆ. ತಿದಿ ಹಚ್ಚಿದ ಕ್ಷಣ ಗಾಡಿ ಸ್ಟಾಕ್ ಎನ್ನುವ ಹೆಸರು ಕಳೆದುಕೊಳ್ಳುತ್ತದೆ. ಮಿತಿಯೇ ಇಲ್ಲದ ಕಣಕ್ಕೆ ಹೋದರೆ ಪಕ್ಕದಲ್ಲಿ 1,340 ಸಿಸಿಯ ಹಯಾಬೂಸಾ ನಿಂತಿರುತ್ತದೆ. ಎರಡು ಹಲ್ಲಿನ ಹೋರಿಗೆ ಕೋಡಣಸು ಕಟ್ಟಿ ಬಾಯಿಗೂಡಿದ ಎತ್ತಿನ ಕಣಕ್ಕೆ ಬಿಟ್ಟ ಹಾಗೆ. ಅಷ್ಟು ಖರ್ಚು ಮಾಡಿ ಸೋಲನ್ನು ಕೊಂಡಂತೆ.

ಎಚ್2 ವಿಷಯವೂ ಯೋಚಿಸುವಂಥದ್ದು. ಸಿಸಿ ಮಾತ್ರ ನೋಡಿದರೆ 998, ಸೂಪರ್‌ಚಾರ್ಜರ್ ಇಲ್ಲದ ಲೀಟರ್ ಬೈಕುಗಳ ಸಾಲಿಗೆ ಸೇರಬೇಕು. 1.7ರಿಂದ ಗುಣಿಸಿದರೆ 1,697, ಹಯಾಬೂಸಾವನ್ನೂ ದಾಟುತ್ತದೆ. ಎರಡರ ನಡುವೆ ಎಲ್ಲೋ ನ್ಯಾಯ ಇದೆ. ಕಾರ್ಖಾನೆಯಿಂದಲೇ ತಿದಿ ಹಚ್ಚಿಕೊಂಡು ಬರುವ ಗಾಡಿಗಳು ಹೆಚ್ಚಾದಂತೆ ಸಿಸಿ ಒಂದೇ ತಕ್ಕಡಿಯಾಗಿ ಸಾಲದು.

ರಸ್ತೆಗೆ ಹಲ್ಲಿನ ಲೆಕ್ಕ ಇಲ್ಲ

ಇಷ್ಟೆಲ್ಲ ಯಾಕೆ ಬರೆದೆ ಎಂದರೆ, ನಮ್ಮ ಹುಡುಗರಿಗೆ ಚೆನ್ನೈ ದೂರ, ಹೆದ್ದಾರಿ ಹತ್ತಿರ. ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ ಹೋಗುವ 150ಎ ಹೆದ್ದಾರಿ ರಾತ್ರಿ ಹತ್ತರ ಮೇಲೆ ನೆಟ್ಟಗೆ, ಖಾಲಿಯಾಗಿ ಕಾಣುತ್ತದೆ. ಇಬ್ಬರು ನಿಲ್ಲುತ್ತಾರೆ, ಮೂರನೆಯವ ಮೊಬೈಲ್ ಟಾರ್ಚ್ ಬೀಸುತ್ತಾನೆ, ಓಟ ಶುರು. ಅಲ್ಲಿ 150 ಸಿಸಿಯ ಪಕ್ಕ 390 ಸಿಸಿ ನಿಂತರೂ ಕೇಳುವವರಿಲ್ಲ. ಬ್ರೇಕ್ ಪ್ಯಾಡ್ ಸವೆದಿದೆಯೇ ಎಂದು ನೋಡುವವರಿಲ್ಲ. 402 ಮೀಟರ್ ಆದ ಮೇಲೆ ನಿಲ್ಲಲು ಎಷ್ಟು ಜಾಗ ಎಂದು ಅಳೆಯುವವರಿಲ್ಲ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿ, ರಸ್ತೆಯ ಅರ್ಧಕ್ಕೆ ಒಣಗಲು ಹರವಿದ ಭತ್ತ, ಅದು ಸರಿಯದಿರಲೆಂದು ಅಂಚಿಗೆ ಇಟ್ಟ ಕಲ್ಲುಗುಂಡುಗಳು. ಸುಗ್ಗಿ ಕಾಲದಲ್ಲಿ ನಮ್ಮ ರಸ್ತೆಗಳು ಹೇಗಿರುತ್ತವೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ.

ನನ್ನ ವಾರಿಗೆಯವನೊಬ್ಬ ಇಂಥ ಒಂದು ರಾತ್ರಿ ಭತ್ತದ ಅಂಚಿನ ಕಲ್ಲಿಗೆ ಬಿದ್ದ. ಮುಂದಿದ್ದವನು ಅವನೇ, ಗೆಲ್ಲುತ್ತಿದ್ದವನೂ ಅವನೇ. ಎಡಗಾಲಿನಲ್ಲಿ ಈಗ ರಾಡ್ ಇದೆ. ಆ ವರ್ಷ ಅವರ ಮನೆಯ ಮೆಣಸಿನಕಾಯಿ ದುಡ್ಡು ಪೂರ್ತಿ ಆಸ್ಪತ್ರೆಗೆ ಹೋಯಿತು. ತಂಗಿಯ ಕಾಲೇಜು ಒಂದು ವರ್ಷ ತಡವಾಯಿತು. ಅವನು ಈಗಲೂ ಗ್ಯಾರೇಜಿಗೆ ಬಂದು ಕೂರುತ್ತಾನೆ. ಎಂಜಿನ್ ಸದ್ದು ಕೇಳಿಯೇ ಟ್ಯಾಪೆಟ್ ಸಡಿಲವಾಗಿದೆಯೋ ಟೈಮಿಂಗ್ ಚೈನ್ ಸವೆದಿದೆಯೋ ಹೇಳಬಲ್ಲ. ಇಂಥ ಕಿವಿ ಇರುವವನಿಗೆ ಸರಿಯಾದ ಕಣ ಒಂದು ಸಿಕ್ಕಿದ್ದರೆ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಕಾನೂನು ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ಕಂಪನಿಯ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವ ಹಾಗಿಲ್ಲ. ಅಂದರೆ ರಸ್ತೆ ಗಾಡಿಗೆ ಮನಸ್ಸಿಗೆ ಬಂದ ಹಾಗೆ ಸೂಪರ್‌ಚಾರ್ಜರ್ ಹಾಕಿಸುವ ಮಾತೇ ಇಲ್ಲ. 189ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ರಸ್ತೆಯಲ್ಲಿ ಓಟ ಕಟ್ಟಿದರೆ 2019ರ ತಿದ್ದುಪಡಿಯ ನಂತರ ಮೊದಲ ಸಲ ₹5,000ವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ₹10,000, ಒಂದು ವರ್ಷದವರೆಗೆ ಜೈಲು. ಆದರೆ ದಂಡ ಒಂದರಿಂದಲೇ ಈ ಆಸೆ ಆರುವುದಿಲ್ಲ. 1951ರಲ್ಲಿ ಅಮೆರಿಕದವರು ಮಾಡಿದ ಜಾಣತನ ಇದೇ ಅಲ್ಲವೇ? ಹುಡುಗರನ್ನು ಬೀದಿಯಿಂದ ಓಡಿಸಿದ್ದಷ್ಟೇ ಅಲ್ಲ, ಓಡಲು ಬೇರೆ ಜಾಗವನ್ನೂ ತೋರಿಸಿದರು.

ನಮ್ಮಲ್ಲೂ ಇದು ಆಗದ ಕೆಲಸವೇನಲ್ಲ. ಜಿಲ್ಲೆಯಲ್ಲಿ ಪಾಲಿಟೆಕ್ನಿಕ್‌ಗಳಿವೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಕೈಗುಣ ಇರುವ ಮೇಸ್ತ್ರಿಗಳಿದ್ದಾರೆ. ವರ್ಷಕ್ಕೊಂದು ದಿನ ಪೊಲೀಸ್, ಸಾರಿಗೆ ಇಲಾಖೆ ಮತ್ತು ಮಾನ್ಯತೆ ಪಡೆದ ಕ್ಲಬ್ಬಿನ ಒಪ್ಪಿಗೆಯಿಂದ, ಜನ ದಾಟದ, ಬೇಲಿ ಹಾಕಿದ ನೆಟ್ಟಗಿನ ಜಾಗದಲ್ಲಿ ಸ್ಟಾಕ್ ಬೈಕುಗಳಿಗಷ್ಟೇ ಓಟ ಇಡಬಹುದು. ಹೆಲ್ಮೆಟ್, ಚರ್ಮದ ಸೂಟು, ಬೂಟು ಇಲ್ಲದವನಿಗೆ ಪ್ರವೇಶವಿಲ್ಲ. ಗಾಡಿ ತೂಗಬೇಕು, ಬ್ರೇಕು ಟೈರು ನೋಡಬೇಕು, ಗೆದ್ದ ಗಾಡಿಯ ಎಂಜಿನ್ ಎಲ್ಲರೆದುರು ಬಿಚ್ಚಬೇಕು. ಆಂಬುಲೆನ್ಸ್ ಪಕ್ಕದಲ್ಲೇ ಇರಬೇಕು. ನಮ್ಮ ಡಿಪ್ಲೊಮಾ ಹುಡುಗರಿಗೆ ಪರೀಕ್ಷಕರ ಕೆಲಸ ಕೊಡಿ, ಪುಸ್ತಕದಲ್ಲಿ ಓದಿದ ಕಂಪ್ರೆಷನ್ ಅನುಪಾತವನ್ನು ಕೈಯಾರೆ ಅಳೆದು ನೋಡಲಿ.

ಮುಂದಿನ ಸಲ ಯಾರಾದರೂ ಬಂದು ಸೂಪರ್‌ಚಾರ್ಜರ್ ಎಷ್ಟು ಶಕ್ತಿ ಕೊಡುತ್ತದೆ ಎಂದು ಕೇಳಿದರೆ ನಾನು ಲೆಕ್ಕ ಹಾಕಿ ತೋರಿಸುತ್ತೇನೆ. ಗಾಳಿ ಒತ್ತಿದಷ್ಟೂ ಕೊಡುತ್ತದೆ, ಪಿಸ್ಟನ್ ತಡೆಯುವವರೆಗೆ. ಆದರೆ ಆ ಶಕ್ತಿಗೆ ಗೆಲುವು ಎಂಬ ಹೆಸರು ಬರುವುದು ಸಮನಾದವನ ಪಕ್ಕ ನಿಂತಾಗ. ಜಾತ್ರೆಯಲ್ಲಿ ಗೆದ್ದ ಎತ್ತಿಗೆ ಊರೆಲ್ಲ ಗುಲಾಲು ಎರಚುವುದು ಅದರ ಬಾಯಿಯನ್ನು ಕಮಿಟಿ ನೋಡಿದೆ ಎಂಬ ನಂಬಿಕೆಯಿಂದ. ಆ ಕಮಿಟಿ ನಮ್ಮ ಗಾಡಿಗಳಿಗೂ ಬೇಕು. ಎತ್ತಿನ ಹಲ್ಲು ಎಣಿಸಲು ಬಲ್ಲ ಊರಿಗೆ ಎಂಜಿನ್ನಿನ ಗಾಳಿ ಎಣಿಸುವುದು ಕಷ್ಟವೇನಲ್ಲ.